ಮಳೆ ಇಲ್ಲದ ರಾತ್ರಿಯೂ ಮಳೆ ಎಣಿಸುವ ಮಾಪಕ: ಎಲ್ಲಿ ತಪ್ಪಿದೆ?

ನಾಪೋಕ್ಲು ತೋಟ · ಜೂನ್ 22, ರಾತ್ರಿ 9.15

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ನಾಲ್ಕು ಎಕರೆ ರೊಬಸ್ಟಾ ತೋಟ. ಅಪ್ಪ 1981ರಿಂದ ಮಳೆ ಡೈರಿ ಬರೆಯುತ್ತಿದ್ದಾರೆ. ದಿನಾ ಬೆಳಿಗ್ಗೆ ಕೊಡೆ ಹಿಡಿದು ಕಣದ ತುದಿಗೆ ಹೋಗುತ್ತಾರೆ. ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತಾರೆ. ಈಗ ಅವರಿಗೆ 74. ಕಣದ ಮೆಟ್ಟಿಲು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಹೋದ ವರ್ಷ ಒಮ್ಮೆ ಬಿದ್ದರು.

ಅದಕ್ಕೇ ನಾನು ಇಲ್ಲಿ ಒಬ್ಬರು ಹಂಚಿಕೊಂಡಿದ್ದ, ಯಾರು ಬೇಕಾದರೂ ಬಳಸಬಹುದಾದ ಓಪನ್ ಹಾರ್ಡ್‌ವೇರ್ ಸರ್ಕ್ಯೂಟ್ ನಕ್ಷೆ ನೋಡಿಕೊಂಡು ಒಂದು ಮಳೆ ಮಾಪಕ ಮಾಡಿದೆ. ಮೇಲೆ 20 ಸೆಂ.ಮೀ. ಅಗಲದ ಆಲಿಕೆ. ಕೆಳಗೆ ಎರಡು ಪುಟ್ಟ ತೊಟ್ಟಿಗಳ ತಕ್ಕಡಿ. ಒಂದು ತೊಟ್ಟಿ ತುಂಬಿದರೆ ಮಗುಚಿಕೊಳ್ಳುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಮಗುಚುವಾಗ ಅದರ ಮ್ಯಾಗ್ನೆಟ್ ರೀಡ್ ಸ್ವಿಚ್ ಮುಂದೆ ಹಾದು ಹೋಗುತ್ತದೆ, ಆಗ ಆ ಸ್ವಿಚ್ ಒಂದು ಸಲ ಮುಚ್ಚಿಕೊಳ್ಳುತ್ತದೆ. ಒಂದು ಮಗುಚಿಗೆ 0.2 ಮಿ.ಮೀ. ಮಳೆ, ಅಂದರೆ 6.28 ಮಿ.ಲೀ. ನೀರು. ಒಂದು ಇಂಚಿಗೆ 127 ಮಗುಚು. ಎಣಿಸುವುದು ಅಟ್‌ಮೆಗಾ 328ಪಿ ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್, 3.3 ವೋಲ್ಟ್‌ನಲ್ಲಿ. ಡಾಟ್ ಬೋರ್ಡ್ ಮೇಲೆ ನಾನೇ ಸೋಲ್ಡರ್ ಮಾಡಿದ್ದು. ಹತ್ತು ನಿಮಿಷಕ್ಕೊಮ್ಮೆ ಎಣಿಕೆಯನ್ನು ಲೋರಾ ಅನ್ನುವ, ದೂರ ಮುಟ್ಟುವ ರೇಡಿಯೋದಲ್ಲಿ ಮನೆಗೆ ಕಳಿಸುತ್ತದೆ. ಮಾಪಕ ಕಣದಲ್ಲಿದೆ, ಬೋರ್ಡ್ ಪಂಪ್ ಮನೆಯಲ್ಲಿದೆ. ನಡುವೆ 40 ಮೀಟರ್ ಸಾದಾ ಜೋಡಿ ವೈರ್.

ಮಾರ್ಚ್‌ನ ಹೂಮಳೆಗೆ ಅಪ್ಪನ ಲೆಕ್ಕ 1 ಇಂಚು 12 ಸೆಂಟ್, ನನ್ನದು 1 ಇಂಚು 11. ನನಗಾದ ಖುಷಿ ಹೇಳಲಾರೆ. ಜೂನ್ ಬಂತು, ಎಲ್ಲಾ ಹಾಳಾಯಿತು. ಅಪ್ಪನದು 2 ಇಂಚು 10 ಇದ್ದ ದಿನ ನನ್ನದು 2 ಇಂಚು 85. ಮೊನ್ನೆ ರಾತ್ರಿ ಒಂದು ಹನಿಯೂ ಬಿದ್ದಿಲ್ಲ, ನನ್ನದು 38 ಸೆಂಟ್ ತೋರಿಸಿದೆ. ಅಪ್ಪ ಏನೂ ಹೇಳಲಿಲ್ಲ. ಕೊಡೆ ತಗೊಂಡು ಕಣಕ್ಕೆ ಹೋದರು.

ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಪೊನ್ನಂಪೇಟೆ ಟೀಚರ್ · ಜೂನ್ 22, ರಾತ್ರಿ 9.50

ಮೊದಲು ಒಂದು ಸಣ್ಣ ಪ್ರಶ್ನೆ. ನಿಮ್ಮ ದಿನ ಯಾವಾಗ ಶುರುವಾಗುತ್ತದೆ? ನಿಮ್ಮ ಯಂತ್ರ ರಾತ್ರಿ 12ಕ್ಕೆ ಸೊನ್ನೆ ಮಾಡಿಕೊಳ್ಳುತ್ತಿದ್ದರೆ ಅಪ್ಪನ ಲೆಕ್ಕಕ್ಕೆ ಎಂದೂ ಹೊಂದುವುದಿಲ್ಲ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ತೋಟದವರೂ ಬೆಳಿಗ್ಗೆಯೇ ಅಳೆಯುವುದು. ನಮ್ಮ ಶಾಲೆಯ ಮಾಪಕದಲ್ಲಿ ಇದೇ ಕಾರಣಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆವು.

ನಾಪೋಕ್ಲು ತೋಟ · ಜೂನ್ 22, ರಾತ್ರಿ 10.05

ಹೌದು ಅಕ್ಕ, 12ಕ್ಕೇ ಸೊನ್ನೆ ಆಗುತ್ತಿತ್ತು. ಈಗಲೇ ಬದಲಾಯಿಸುತ್ತೇನೆ. ಆದರೆ ಮಳೆ ಇಲ್ಲದ ರಾತ್ರಿಯ 38 ಸೆಂಟ್?

ಕುಶಾಲನಗರ ಇ.ಸಿ. · ಜೂನ್ 23, ಬೆಳಿಗ್ಗೆ 7.30

ಅಣ್ಣ, ರೀಡ್ ಸ್ವಿಚ್ ಪುಟಿಯುತ್ತಿರಬಹುದು. ಒಂದು ಸಲ ಮುಚ್ಚುವಾಗ ಒಳಗಿನ ಪಟ್ಟಿ ಎರಡು ಮೂರು ಸಲ ತಾಗಿ ಬಿಡುತ್ತದೆ. ಪ್ರೋಗ್ರಾಮಿನಲ್ಲಿ ಡಿಬೌನ್ಸ್, ಅಂದರೆ ಪುಟಿದದ್ದನ್ನು ಎಣಿಸದೆ ಬಿಡುವ ಹೊತ್ತು, ಎಷ್ಟು ಇಟ್ಟಿದ್ದೀರಿ? ಆದರೆ ಪುಟಿದರೂ ಮಗುಚುವಾಗ ತಾನೇ ಪುಟಿಯಬೇಕು. ಮಳೆ ಇಲ್ಲದೆ ಮಗುಚುವುದಿಲ್ಲ. ಹಾಗಾಗಿ ಇದು ಅರ್ಧ ಉತ್ತರ ಅಷ್ಟೇ.

ಲಾಗ್ ಇದ್ದರೆ ಗಂಟೆವಾರು ಹಾಕ್ತೀರಾ? ಸುಳ್ಳು ಎಣಿಕೆ ಯಾವ ಹೊತ್ತಿನಲ್ಲಿ ಬರುತ್ತದೆ ಅಂತ ನೋಡೋಣ.

ನಾಪೋಕ್ಲು ತೋಟ · ಜೂನ್ 23, ಸಂಜೆ 6.40

ಡಿಬೌನ್ಸ್ 50 ಮಿಲಿಸೆಕೆಂಡ್ ಇದೆ. ಲಾಗ್ ತೆಗೆದೆ. ಮಳೆ ಬಾರದ ಮೂರು ರಾತ್ರಿ ನೋಡಿದೆ. ಮೂರರಲ್ಲೂ ಸಂಜೆ ಆರೂವರೆ ಸುಮಾರಿಗೆ ಶುರು. ಬೆಳಿಗ್ಗೆ ಆರರ ಆಚೆ ಈಚೆ ನಿಲ್ಲುತ್ತದೆ. ಹಗಲಲ್ಲಿ ಒಂದೂ ಸುಳ್ಳು ಎಣಿಕೆ ಇಲ್ಲ. ನಡುರಾತ್ರಿ ದಾಟಿದ ಮೇಲೆ ಜಾಸ್ತಿ.

ಎಸ್.ಪಿ. ರೋಡ್ ಪಕ್ಕ · ಜೂನ್ 23, ರಾತ್ರಿ 8.20

ಆ ನಕ್ಷೆ ನನ್ನದೇ. ನಾನು ಮಡಿಕೇರಿಯವನು, ಕೆಲಸ ಬೆಂಗಳೂರಲ್ಲಿ. ರಾತ್ರಿ ಮಾತ್ರ ಅಂದರೆ ಇಬ್ಬನಿ ಇರಬಹುದಾ? ಸ್ವಿಚ್ಚಿನ ಕಾಲುಗಳ ಮಧ್ಯೆ ತೇವ ಕೂತು ಕರೆಂಟ್ ಸೋರುವುದು? ಇಲ್ಲಿ ನನ್ನ ಬಾಲ್ಕನಿಯಲ್ಲಿ ಎರಡು ವರ್ಷದಿಂದ ಓಡುತ್ತಿದೆ, ಹೀಗೆ ಆಗಿಲ್ಲ.

ಹಳೇ ರೇಡಿಯೋ, ಸುಂಟಿಕೊಪ್ಪ · ಜೂನ್ 23, ರಾತ್ರಿ 9.10

ತಮ್ಮ, ಪಕ್ಕದ ತೋಟದಲ್ಲಿ ಆನೆಗೆ ಸೋಲಾರ್ ಬೇಲಿ ಇದೆಯಾ? ಸಂಜೆ ಹಾಕಿ ಬೆಳಿಗ್ಗೆ ತೆಗೆಯುತ್ತಾರಾ?

ನಾಪೋಕ್ಲು ತೋಟ · ಜೂನ್ 23, ರಾತ್ರಿ 9.14

ಇದೆ. ನನ್ನ ವೈರ್ ಆ ಬೇಲಿಯ ಪಕ್ಕದಲ್ಲೇ ಸುಮಾರು 25 ಮೀಟರ್ ಹೋಗುತ್ತದೆ.

ಹಳೇ ರೇಡಿಯೋ, ಸುಂಟಿಕೊಪ್ಪ · ಜೂನ್ 23, ರಾತ್ರಿ 9.45

ಹಾಗಾದರೆ ಬೇಲಿ ಮೇಲೆ ನನಗೆ ಅನುಮಾನ. ಬೇಲಿಗೆ ಕರೆಂಟ್ ನೀರಿನ ಹಾಗೆ ಹರಿಯುವುದಲ್ಲ. ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಸಾವಿರಾರು ವೋಲ್ಟ್ ಹೊಡೆಯುತ್ತದೆ. ಪಕ್ಕದಲ್ಲಿ ಉದ್ದ ವೈರ್ ಇದ್ದರೆ ಅದಕ್ಕೂ ಆ ಪೆಟ್ಟಿನ ನೆರಳು ಬೀಳುತ್ತದೆ. ನಿನ್ನ ಚಿಪ್ ಅದನ್ನು ಸ್ವಿಚ್ ಮುಚ್ಚಿತು ಅಂತ ತಿಳಿಯುತ್ತದೆ.

ಪರೀಕ್ಷೆ ಮಾಡಲು ಬೇಲಿ ಆಫ್ ಮಾಡಿ ಅಂತ ಪಕ್ಕದವರನ್ನು ಕೇಳಬೇಡ. ಆನೆ ಓಡಾಡುವ ಕಾಲ ಇದು. ಮನೆಯಲ್ಲಿ ಮೀಡಿಯಂ ವೇವ್ ಬರುವ ಹಳೇ ರೇಡಿಯೋ ಇದ್ದರೆ, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ನಿನ್ನ ವೈರ್ ಪಕ್ಕ ಹಿಡಿ. ಟಿಕ್, ಟಿಕ್ ಅಂತ ಕೇಳಿಸಿದರೆ ಬೇಲಿಯ ಪೆಟ್ಟು ವೈರಿನಲ್ಲಿದೆ ಅಂತ ಅರ್ಥ. ಎಫ್‌ಎಂನಲ್ಲಿ ಇಷ್ಟು ಚೆನ್ನಾಗಿ ಕೇಳಿಸುವುದಿಲ್ಲ, ಮೀಡಿಯಂ ವೇವೇ ಬೇಕು.

ನಾಪೋಕ್ಲು ತೋಟ · ಜೂನ್ 24, ರಾತ್ರಿ 8.30

ಅಣ್ಣ, ಕೇಳಿಸಿತು! ಅಜ್ಜನ ಕಾಲದ ರೇಡಿಯೋಗೆ ಸೆಲ್ ಹಾಕಿ, ಕೊಡೆ ಹಿಡಿದು ಪಂಪ್ ಮನೆಗೆ ಹೋದೆ. ಬಾಗಿಲಲ್ಲಿ ಸುಮ್ನೆ ಗುಂಯ್ ಅನ್ನುವ ಶಬ್ದ. ವೈರ್ ಒಳಗೆ ಬರುವ ಜಾಗಕ್ಕೆ ಹತ್ತಿರ ತಂದಾಗ ಟಿಕ್... ಟಿಕ್... ಗಡಿಯಾರದ ಹಾಗೆ. ಬೋರ್ಡ್ ಹತ್ತಿರ ಹಿಡಿದರೂ ಅದೇ. ಅಪ್ಪ ಹಿಂದೆ ನಿಂತಿದ್ದರು. ಅವರೂ ಕೇಳಿಸಿಕೊಂಡರು.

ಆದರೆ ಒಂದು ಸಂಶಯ. ಬೇಲಿ ಮಾರ್ಚ್‌ನಲ್ಲೂ ಇತ್ತು. ಆಗ ಯಾಕೆ ತೊಂದರೆ ಇರಲಿಲ್ಲ? ಇನ್ನೊಂದು, ಸೆಕೆಂಡಿಗೆ ಒಂದು ಪೆಟ್ಟಾದರೆ ರಾತ್ರಿಗೆ ಹತ್ತಾರು ಸಾವಿರ ಎಣಿಕೆ ಬರಬೇಕಿತ್ತು. ಬಂದದ್ದು ಐವತ್ತರ ಒಳಗೆ.

ಹಳೇ ರೇಡಿಯೋ, ಸುಂಟಿಕೊಪ್ಪ · ಜೂನ್ 24, ರಾತ್ರಿ 9.30

ಒಳ್ಳೇ ಪ್ರಶ್ನೆ. ಅಂದರೆ ಪೆಟ್ಟುಗಳು ಅಂಚಿನಲ್ಲಿವೆ. ಎಲ್ಲೋ ಒಂದು ಮಾತ್ರ ಹೊಸ್ತಿಲು ದಾಟುತ್ತಿದೆ. ಮಾರ್ಚ್‌ನಲ್ಲಿ ಒಂದೂ ದಾಟುತ್ತಿರಲಿಲ್ಲ. ಈಗ ಹೊಸ್ತಿಲೇ ಕೆಳಗೆ ಬಂದಿದೆ. ಎರಡನೇ ತಪ್ಪು ಬೋರ್ಡಿನಲ್ಲಿ ಇರಬಹುದು.

ನಾಳೆ ಹೀಗೆ ಮಾಡು. ಮೀಟರ್ ತಗೋ. ತೊಟ್ಟಿ ಅಲುಗದೆ ಇರುವಾಗ, ಮಾಪಕದ ವೈರ್ ಸೇರುವ ಚಿಪ್ಪಿನ ಪಿನ್‌ನಲ್ಲಿ ಎಷ್ಟು ವೋಲ್ಟ್ ಇದೆ ನೋಡು. 3.3 ಇರಬೇಕು. ಆಮೇಲೆ ವೈರ್ ಬಿಚ್ಚಿ ಮತ್ತೆ ನೋಡು. ಬಿಚ್ಚಿದ ಮೇಲೆ ಸರಿಯಾದರೆ ಸೋರಿಕೆ ವೈರಿನಲ್ಲಿದೆ. ಬಿಚ್ಚಿದರೂ ಕಡಿಮೆಯೇ ಇದ್ದರೆ ಬೋರ್ಡಿನಲ್ಲಿದೆ. ಬೋರ್ಡಿನ ಹಿಂಬದಿಯ ಫೋಟೋ ಹಾಕು, ಬೆಳಕಿನಲ್ಲಿ ತೆಗೆದದ್ದು. ಸೋಲ್ಡರ್ ಹಿಡಿಯಲು ಯಾವ ಫ್ಲಕ್ಸ್ ಬಳಸಿದ್ದೀಯ, ಅದನ್ನೂ ಹೇಳು.

ನಾಪೋಕ್ಲು ತೋಟ · ಜೂನ್ 25, ಮಧ್ಯಾಹ್ನ 1.10

ವೈರ್ ಸೇರಿಸಿ 2.1 ವೋಲ್ಟ್. ಬಿಚ್ಚಿಯೂ 2.1. ಹಾಗಾದರೆ ಬೋರ್ಡೇ. ಚಿಪ್ ಕೆಲಸವಿಲ್ಲದೆ ನಿದ್ದೆಯಲ್ಲಿರುವಾಗ ಬೋರ್ಡ್ ಎಳೆಯುವ ಕರೆಂಟೂ ನೋಡಿದೆ. ಮಾರ್ಚ್‌ನಲ್ಲಿ 8 ಮೈಕ್ರೋ ಆಂಪ್ ಇದ್ದದ್ದು ಈಗ 90.

ಫ್ಲಕ್ಸ್ ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಪೇಸ್ಟ್. ಸೋಲ್ಡರ್ ಸರಿಯಾಗಿ ಹಿಡಿಯದ ಕಡೆ ಧಾರಾಳವಾಗಿ ಹಚ್ಚಿದ್ದೆ. ಫೋಟೋ ಹಾಕಿದ್ದೇನೆ. ಹಿಂಬದಿಯಲ್ಲಿ ಪಿನ್‌ಗಳ ನಡುವೆ ಕಂದು ಅಂಟು, ಅದರ ಮೇಲೆ ಸಣ್ಣ ಬೆವರಿನ ಹಾಗೆ ಹನಿ. ಬ್ಯಾಟರಿ ವೈರಿನ ಬುಡದಲ್ಲಿ ಹಸಿರು ಪುಡಿ.

ಹಳೇ ರೇಡಿಯೋ, ಸುಂಟಿಕೊಪ್ಪ · ಜೂನ್ 25, ರಾತ್ರಿ 9.00

ಸಿಕ್ಕಿತು. ಆ ಹಸಿರು ಪುಡಿ ನೋಡಿದ ಕೂಡಲೇ ಗೊತ್ತಾಯಿತು. ಮೂವತ್ತು ವರ್ಷ ಮಳೆಗಾಲದಲ್ಲಿ ರೇಡಿಯೋ, ಟಿ.ವಿ. ಬಿಚ್ಚಿದ್ದೇನೆ. ಕೊಡಗಿನಲ್ಲಿ ಬೋರ್ಡ್ ಸಾಯುವುದು ಸುಟ್ಟು ಅಲ್ಲ, ಹೆಚ್ಚಿನವು ಹೀಗೆ ಕೊಳೆತು ಸಾಯುತ್ತವೆ.

ಫ್ಲಕ್ಸಿನಲ್ಲಿ ಎರಡು ಜಾತಿ. ಒಂದು ರಾಳದ್ದು, ರೋಸಿನ್. ತಣ್ಣಗಾದ ಮೇಲೆ ಗಟ್ಟಿಯಾಗಿ ಸುಮ್ಮನಿರುತ್ತದೆ. ಇನ್ನೊಂದು ಆ್ಯಸಿಡ್ಡಿನದು. ತಗಡು, ಪೈಪು ಬೆಸೆಯುವವರಿಗೆ ಅಂತ ಮಾಡಿದ್ದು, ಸತುವಿನ ಕ್ಲೋರೈಡ್ ಇರುತ್ತದೆ. ಅದು ಗಾಳಿಯ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರಾಗುವುದಿಲ್ವಾ, ಹಾಗೆ. ನೀರು ಸೇರಿದರೆ ಕರೆಂಟ್ ಸೋರುತ್ತದೆ, ತಾಮ್ರ ಹಸಿರಾಗುತ್ತದೆ. ಮಾರ್ಚ್‌ನ ಒಣ ಹವೆಯಲ್ಲಿ ಏನೂ ಗೊತ್ತಾಗುವುದಿಲ್ಲ. ನಿನ್ನ ತಪ್ಪು ಮಾರ್ಚ್‌ನಲ್ಲೇ ಆಗಿತ್ತು, ಕಂಡದ್ದು ಜೂನ್‌ನಲ್ಲಿ.

ತೊಳೆಯುವ ಕ್ರಮ ಹೇಳುತ್ತೇನೆ. ಬ್ಯಾಟರಿ ತೆಗಿ. ಆ್ಯಸಿಡ್ ಫ್ಲಕ್ಸ್ ಬರೀ ಆಲ್ಕೋಹಾಲ್‌ನಲ್ಲಿ, ಅಂದರೆ ಐಸೋಪ್ರೊಪೈಲ್‌ನಲ್ಲಿ ಸರಿಯಾಗಿ ಹೋಗುವುದಿಲ್ಲ. ಮೊದಲು ಬಿಸಿ ನೀರು, ಹಳೇ ಹಲ್ಲುಜ್ಜುವ ಬ್ರಷ್. ಎರಡು ಮೂರು ಸಲ ನೀರು ಬದಲಾಯಿಸು. ಆಮೇಲೆ ಐಸೋಪ್ರೊಪೈಲ್ ಸುರಿದು ಉಜ್ಜು. ಬ್ರಷ್ ಮೇಲೆ ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಬಟ್ಟೆಯಲ್ಲಿ ಒರೆಸಿ ಬಿಡಬೇಡ, ಕೊಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೇ. ಬೋರ್ಡನ್ನು ಓರೆ ಹಿಡಿದು ಹರಿದು ಹೋಗಲು ಬಿಡಬೇಕು.

ಒಣಗಿಸುವುದು ಹೇಗೆ ಅಂತ ಕೇಳುತ್ತೀಯ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡ, ಹೊಗೆ ಕೂರುತ್ತದೆ. ನಮ್ಮ ಅಂಗಡಿಯಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ 40 ವ್ಯಾಟ್‌ನ ಹಳೇ ಬಲ್ಬ್. ಐಸೋಪ್ರೊಪೈಲ್ ಪೂರ್ತಿ ಆರಿದ ಮೇಲೆ ಬೋರ್ಡನ್ನು ಅದರೊಳಗೆ ಒಂದು ರಾತ್ರಿ ಇಟ್ಟರೆ ಬೆಚ್ಚಗೆ ಒಣಗುತ್ತದೆ. ಐಸೋಪ್ರೊಪೈಲ್ ಬೇಗ ಹೊತ್ತಿಕೊಳ್ಳುವ ವಸ್ತು, ಹಸಿಯಾಗಿ ಬಲ್ಬ್ ಹತ್ತಿರ ಒಯ್ಯಬೇಡ.

ಎಸ್.ಪಿ. ರೋಡ್ ಪಕ್ಕ · ಜೂನ್ 25, ರಾತ್ರಿ 10.20

ಇದರಲ್ಲಿ ನನ್ನ ನಕ್ಷೆಯ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡಲು ನಾನು ಚಿಪ್ ಒಳಗಿನ ಪುಲ್‌ಅಪ್ ರೆಸಿಸ್ಟರನ್ನೇ ನಂಬಿದ್ದೆ. ಅದು 20ರಿಂದ 50 ಕಿಲೋ ಓಮ್. ತುಂಬಾ ದುರ್ಬಲ. ಈ ಚಿಪ್ ವೋಲ್ಟೇಜಿನ ಶೇಕಡಾ 60ರ ಮೇಲಿದ್ದರೆ ಖಂಡಿತ 'ಒಂದು' (ಸ್ವಿಚ್ ತೆರೆದಿದೆ) ಅನ್ನುತ್ತದೆ. ಶೇಕಡಾ 60 ಅಂದರೆ ಇಲ್ಲಿ 1.98 ವೋಲ್ಟ್. ಇವರ ಪಿನ್ 2.1ರಲ್ಲಿ ನಿಂತಿದೆ. ಅಂಚಿನಲ್ಲೇ ಇದೆ. ಬೇಲಿಯ ಪೆಟ್ಟು ಸ್ವಲ್ಪ ಜೋರಾಗಿ ತಳ್ಳಿದರೆ ಸಾಕು. ಸುಂಟಿಕೊಪ್ಪದ ಸರ್ ಹೇಳಿದ ಹೊಸ್ತಿಲು ಇದೇ. ಮಧ್ಯರಾತ್ರಿ ಮೇಲೆ ಜಾಸ್ತಿ ಯಾಕೆ ಅಂದರೆ, ಆಗ ತೇವ ಜಾಸ್ತಿ, ಸೋರಿಕೆಯೂ ಜಾಸ್ತಿ.

ಬಾಲ್ಕನಿಯಲ್ಲಿ ವೈರ್ ಒಂದು ಅಡಿ ಇತ್ತು, ಬೇಲಿ ಇರಲಿಲ್ಲ, ಮಳೆಗಾಲ ಅಂದರೆ ಸಂಜೆ ಎರಡು ಗಂಟೆ ಹೊತ್ತಿನ ಮಳೆ ಅಷ್ಟೇ. ಅಲ್ಲಿ ಓಡಿದ್ದನ್ನು ನೋಡಿ ಎಲ್ಲಾ ಕಡೆ ಓಡುತ್ತದೆ ಅಂದುಕೊಂಡಿದ್ದೆ.

ಹೀಗೆ ಬದಲಾಯಿಸಿ. ಹೊರಗೆ 4.7 ಕಿಲೋ ಓಮ್ ಪುಲ್‌ಅಪ್. ವೈರ್ ಬರುವ ಕಡೆ ಸಾಲಿನಲ್ಲಿ 1 ಕಿಲೋ ಓಮ್. ಪಿನ್‌ನಿಂದ ಗ್ರೌಂಡಿಗೆ 1 ಮೈಕ್ರೋ ಫ್ಯಾರಡ್ ಕೆಪಾಸಿಟರ್. ವೈರ್ ಒಳಗೆ ಬರುವ ಬಾಗಿಲಲ್ಲೇ ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಒಂದು ಟಿವಿಎಸ್ ಡಯೋಡ್, ಏಪ್ರಿಲ್ ಮೇ ತಿಂಗಳ ಸಿಡಿಲಿಗೆ. ಹತ್ತಿರದಲ್ಲೇ ಸಿಡಿಲು ಬಿದ್ದರೆ ಅದೂ ಉಳಿಸುವುದಿಲ್ಲ, ಆದರೆ ದೂರದ್ದನ್ನು ತಡೆಯುತ್ತದೆ. ಪ್ರೋಗ್ರಾಮಿನಲ್ಲಿ ಇಂಟರಪ್ಟ್ (ಪಿನ್ ಬದಲಾಯಿತು ಅನ್ನುವ ಸೂಚನೆ) ಬಂದ ಕೂಡಲೇ ಎಣಿಸಬೇಡಿ. 10 ಮಿಲಿಸೆಕೆಂಡ್ ಬಿಟ್ಟು ಪಿನ್ ಇನ್ನೂ ಕೆಳಗಿದೆಯಾ ನೋಡಿ, ಇದ್ದರೆ ಮಾತ್ರ ಎಣಿಸಿ.

ಕುಶಾಲನಗರ ಇ.ಸಿ. · ಜೂನ್ 26, ಬೆಳಿಗ್ಗೆ 8.00

10 ಮಿಲಿಸೆಕೆಂಡ್ ಸಾಕಾ ಅಂತ ಊಹೆ ಮಾಡೋದು ಬೇಡ, ಅಳೆದೇ ನೋಡೋಣ. ನನ್ನ ಹತ್ತಿರ ಎಂಟು ಚಾನಲ್ಲಿನ ಅಗ್ಗದ ಲಾಜಿಕ್ ಅನಲೈಜರ್ ಇದೆ, ಪಿನ್ ಎಷ್ಟು ಹೊತ್ತು ಮೇಲೆ ಕೆಳಗೆ ಇತ್ತು ಅಂತ ತೋರಿಸುತ್ತದೆ. ಪಲ್ಸ್‌ವ್ಯೂ ಅನ್ನುವ ಓಪನ್ ಸೋರ್ಸ್ ಪ್ರೋಗ್ರಾಮಿನಲ್ಲಿ ಓಡುತ್ತದೆ. ಭಾನುವಾರ ಅತ್ತೆ ಮನೆಗೆ ಮೂರ್ನಾಡಿಗೆ ಬರುತ್ತೇನೆ, ಅಲ್ಲಿಂದ ನಿಮ್ಮಲ್ಲಿಗೆ ಹತ್ತಿರ. ಬೇಲಿ ಹಾಕುವ ಹೊತ್ತಿಗೆ ಬರಲಾ ಅಣ್ಣ?

ನಾಪೋಕ್ಲು ತೋಟ · ಜೂನ್ 26, ಬೆಳಿಗ್ಗೆ 8.12

ಖಂಡಿತ ಬಾಮ್ಮ. ಅತ್ತೆಯವರನ್ನೂ ಕರೆದುಕೊಂಡು ಬಾ. ಊಟ ಇಲ್ಲೇ.

ಶಾಂತಳ್ಳಿ ಮಳೆ · ಜೂನ್ 26, ರಾತ್ರಿ 7.45

ಓದುತ್ತಾ ಇದ್ದೆ, ಒಂದು ಮಾತು ಕೇಳಬೇಕು. ಇಷ್ಟೆಲ್ಲಾ ಕಷ್ಟ ಯಾಕೆ? ವೈ-ಫೈ ಇರುವ ಇಎಸ್‌ಪಿ 32 ಹಾಕಿ ನೇರ ಮೊಬೈಲಿಗೆ ತರಿಸಬಹುದಲ್ವಾ? ಇಲ್ಲಾ ರೆಡಿ ಸಿಗುವುದನ್ನೇ ತರಬಹುದು.

ನಾಪೋಕ್ಲು ತೋಟ · ಜೂನ್ 26, ರಾತ್ರಿ 8.30

ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ರೂಟರ್ ಸತ್ತಿರುತ್ತದೆ, ಟವರ್ ಕೂಡ. ಮಳೆ ಎಷ್ಟು ಅಂತ ಬೇಕಾಗುವುದೇ ಆ ದಿನಗಳಲ್ಲಿ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೆನಪಿರಬೇಕು ನಿಮಗೆ. ಲೋರಾಗೆ ಟವರ್ ಬೇಡ. ಪಂಪ್ ಮನೆಯಿಂದ ಮನೆಗೆ ಸೆಲ್‌ನಲ್ಲೇ ಮಾತಾಡುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡ, ಮಿತಿಯೊಳಗಿನ ಪವರ್ ಇದ್ದರೆ ಆಯಿತು. 868 ಅಂತ ಬರೆದ ಮಾಡ್ಯೂಲ್ ತಂದು ಪ್ರೋಗ್ರಾಮಿನಲ್ಲಿ 865ಕ್ಕೆ ಇಳಿಸಿದ್ದೇನೆ.

ಇಎಸ್‌ಪಿ 32 ಚಿಪ್ ಆಳದ ನಿದ್ದೆಯಲ್ಲಿ ಕಡಿಮೆಯೇ ತಿನ್ನುತ್ತದೆ. ಆದರೆ ಸಿದ್ಧ ಬೋರ್ಡಿನ ಮೇಲಿರುವ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಸುಮ್ನೆ ಕೂತು ತಿನ್ನುತ್ತವೆ. ಜುಲೈನಲ್ಲಿ ಸೋಲಾರ್ ಪ್ಯಾನಲ್ ನಂಬುವ ಹಾಗಿಲ್ಲ. ನನ್ನ ಬೋರ್ಡ್ ಸರಾಸರಿ 100 ಮೈಕ್ರೋ ಆಂಪ್ ಎಳೆದರೂ 2000 ಎಂಎಎಚ್ ಸೆಲ್ ಲೆಕ್ಕದಲ್ಲಿ ಎರಡು ವರ್ಷ ಬರುತ್ತದೆ.

ರೆಡಿ ಸಿಗುವುದು ಕೆಟ್ಟರೆ ಅದರೊಳಗೆ ಏನಿದೆ ಅಂತ ನನಗೆ ಗೊತ್ತಿರುವುದಿಲ್ಲ. ಇದರ ಒಂದೊಂದು ರೆಸಿಸ್ಟರ್ ಯಾಕಿದೆ ಅಂತ ಗೊತ್ತು. ಈಗಂತೂ ಇನ್ನೂ ಚೆನ್ನಾಗಿ ಗೊತ್ತಾಗಿದೆ.

ಶಾಂತಳ್ಳಿ ಮಳೆ · ಜೂನ್ 26, ರಾತ್ರಿ 8.50

2018 ಮರೆಯುವ ಹಾಗಿಲ್ಲ. ಸರಿ, ನಾನೂ ಒಂದು ಮಾಡುತ್ತೇನೆ. ಹೊಸ ನಕ್ಷೆ ಬರಲಿ.

ಕುಶಾಲನಗರ ಇ.ಸಿ. · ಜೂನ್ 28, ರಾತ್ರಿ 10.00

ನಾಪೋಕ್ಲಿನಿಂದ ಬಂದೆ. ಸಿಕ್ಕಿದ್ದು ಇದು. ಬೇಲಿಯ ಪೆಟ್ಟಿನಿಂದ ಪಿನ್ ಕೆಳಗಿಳಿಯುವುದು ಸುಮಾರು 0.3 ಮಿಲಿಸೆಕೆಂಡ್. ತೊಟ್ಟಿ ಮಗುಚುವಾಗ ರೀಡ್ ಸ್ವಿಚ್ ಮುಚ್ಚಿರುವುದು 60ರಿಂದ 80 ಮಿಲಿಸೆಕೆಂಡ್. ಪರದೆ ಮೇಲೆ ಒಂದು ಕೂದಲೆಳೆ, ಇನ್ನೊಂದು ಗೋಡೆ. ಎರಡನ್ನೂ ಬೇರೆ ಮಾಡುವುದು ಸುಲಭ. 10 ಮಿಲಿಸೆಕೆಂಡ್ ಸಾಕು.

ಅಣ್ಣನ ಅಪ್ಪ ಲ್ಯಾಪ್‌ಟಾಪ್ ಪಕ್ಕ ಕೂತು ಎಲ್ಲಾ ಕೇಳಿದರು. ಒಂದು ಲೀಟರ್ ನೀರು ಹಾಕಿದರೆ ಎಷ್ಟು ಮಗುಚಬೇಕು ಅಂದರು. ಲೆಕ್ಕ ಹಾಕಿದೆವು, 159. ಸಲೈನ್ ಬಾಟಲಿಯ ನಳಿಗೆ ಕಟ್ಟಿ ಹನಿ ಹನಿಯಾಗಿ ಬಿಟ್ಟೆವು. 157 ಬಂತು. ತೊಟ್ಟಿಯ ಕೆಳಗಿನ ಸ್ಕ್ರೂ ಕಾಲು ಸುತ್ತು ತಿರುಗಿಸಿದ ಮೇಲೆ 159.

ಬೋರ್ಡಿನ ಪೆಟ್ಟಿಗೆ ತೆರೆದಾಗ ಇನ್ನೊಂದು ಕಂಡಿತು. ವೈರ್ ಒಳಗೆ ಹೋಗುವ ತೂತಿಗೆ ಸಿಲಿಕೋನ್ ಹಚ್ಚಿದ್ದರು. ಹುಳಿ ವಾಸನೆ ಬರುವ ಜಾತಿಯದು. ಅದು ಒಣಗುವಾಗ ವಿನೆಗರ್ ಆ್ಯಸಿಡ್ ಬಿಡುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದನ್ನು ತರಬೇಕು.

ಹಳೇ ರೇಡಿಯೋ, ಸುಂಟಿಕೊಪ್ಪ · ಜೂನ್ 28, ರಾತ್ರಿ 10.25

ಒಳ್ಳೇ ಕಣ್ಣು ನಿನಗೆ ಮಗಳೇ.

ಪೆಟ್ಟಿಗೆ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಪೂರ್ತಿ ಸೀಲ್ ಮಾಡಿದರೆ ಒಳಗೆ ನೀರು ಬರುವುದಿಲ್ಲ ಅಂತ ಎಲ್ಲರೂ ನಂಬುತ್ತಾರೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಎಲ್ಲೋ ಒಂದು ಸಂದಿಯಿಂದ ಆಚೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಅದೇ ಸಂದಿಯಿಂದ ತೇವದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ನೀರು ಒಳಗೇ ಇಳಿಯುತ್ತದೆ, ಆಚೆ ಹೋಗುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಸಣ್ಣ ತೂತು ಬೇಕು, ಇರುವೆ ಬಾರದ ಹಾಗೆ ಸಣ್ಣ ಜಾಲರಿ ಹಾಕಿ. ವೈರ್ ಯಾವಾಗಲೂ ಕೆಳಗಿನಿಂದ ಒಳಗೆ ಬರಲಿ, ಬರುವ ಮೊದಲು ಒಂದು ಜೋಲು ಕೊಡಿ. ನೀರು ಜೋಲಿನ ತುದಿಯಲ್ಲಿ ಬೀಳುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಇಡುವವರು ನೀಲಿ ಗುಲಾಬಿಯಾದ ಕೂಡಲೇ ತೆಗೆದು ಬಿಸಿ ಮಾಡಬೇಕು. ಕಕ್ಕಡದಲ್ಲಿ (ಜುಲೈ ನಡುವಿನಿಂದ ಶುರುವಾಗುವ ಕೊಡವ ತಿಂಗಳು) ವಾರಕ್ಕೊಮ್ಮೆ ಬೇಕಾಗುತ್ತದೆ. ಜೆಲ್‌ಗಿಂತ ಶುಚಿಯಾದ ಬೋರ್ಡ್, ಅದರ ಮೇಲೆ ಅಕ್ರಿಲಿಕ್ ಕೋಟಿಂಗ್, ಇದನ್ನೇ ನಾನು ನಂಬುವುದು. ಕೊಳೆಯ ಮೇಲೆ ಕೋಟಿಂಗ್ ಹೊಡೆದರೆ ಕೊಳೆಯನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ.

ಪೊನ್ನಂಪೇಟೆ ಟೀಚರ್ · ಜುಲೈ 2, ರಾತ್ರಿ 8.40

ಇದನ್ನೆಲ್ಲಾ ಓದಿ ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿದೆ. ನಾವೂ ಮಾಡೋಣ ಟೀಚರ್ ಅಂತ ಕೂತಿದ್ದಾರೆ. ಹೊಸ ನಕ್ಷೆ ಬಂದರೆ ನಮಗೆ ಹತ್ತು ಬೋರ್ಡ್ ಬೇಕು. ಮಕ್ಕಳ ಊರುಗಳು ಹುದಿಕೇರಿ, ಬಾಳೆಲೆ, ಶ್ರೀಮಂಗಲ, ಬಿರುನಾಣಿ ಕಡೆ. ಒಂದೇ ದಿನ ಬಿರುನಾಣಿಯಲ್ಲೂ ಬಾಳೆಲೆಯಲ್ಲೂ ಎಷ್ಟು ಬಿತ್ತು ಅಂತ ಪಕ್ಕ ಪಕ್ಕ ಬರೆದು ನೋಡಬೇಕು. ಕುಶಾಲನಗರದ ಇಡೀ ವರ್ಷದ ಮಳೆ ಭಾಗಮಂಡಲದಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವುದುಂಟು. ಮಕ್ಕಳಿಗೆ ಪಾಠದಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ. ತಾವೇ ಅಳೆದರೆ ಬೇರೆ.

ಸೋಲ್ಡರ್ ಯಾವುದು ತರಲಿ? ಸೀಸ ಇರುವುದು ಮಕ್ಕಳಿಗೆ ಬೇಡ ಅಂತ ನನ್ನ ಮನಸ್ಸು.

ಹಳೇ ರೇಡಿಯೋ, ಸುಂಟಿಕೊಪ್ಪ · ಜುಲೈ 2, ರಾತ್ರಿ 9.15

ಟೀಚರ್, ನನ್ನ ಅಭಿಪ್ರಾಯ ಬೇರೆ. 63/37 ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೆ ಕರಗಿ, ಅದೇ ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಕಲಿಯುವವರ ಕೈಗೆ ಅದು ತುಂಬಾ ಒಳ್ಳೆಯದು. ಸೀಸವಿಲ್ಲದ್ದು 217ರ ಮೇಲೆ ಕರಗುತ್ತದೆ, ಐರನ್ ಜಾಸ್ತಿ ಬಿಸಿ ಬೇಕು, ಮಕ್ಕಳು ಬೋರ್ಡಿನ ತಾಮ್ರ ಎಬ್ಬಿಸುತ್ತಾರೆ. ಐರನ್ನಿನ ಶಾಖಕ್ಕೆ ಸೀಸ ಆವಿಯಾಗಿ ಮೂಗಿಗೆ ಬರುವುದಿಲ್ಲ. ಕಾಣುವ ಹೊಗೆ ರಾಳದ್ದು. ಸೀಸ ಹೋಗುವುದು ಕೈಯಿಂದ ಬಾಯಿಗೆ. ಸೋಪಿನಲ್ಲಿ ಕೈ ತೊಳೆಸಿದರೆ ಆಯಿತು.

ಪೊನ್ನಂಪೇಟೆ ಟೀಚರ್ · ಜುಲೈ 2, ರಾತ್ರಿ 9.40

ಸರ್, ನೀವು ಹೇಳಿದ್ದು ಸರಿ ಇದೆ. ಆದರೆ ಮೂವತ್ತು ಮಕ್ಕಳಲ್ಲಿ ಒಬ್ಬರು ಕೈ ತೊಳೆಯದೆ ಬುತ್ತಿ ಬಿಚ್ಚುತ್ತಾರೆ, ಅದು ನನಗೆ ಗೊತ್ತು. ತಾಮ್ರ ಎದ್ದರೆ ಇನ್ನೊಂದು ಬೋರ್ಡ್ ಕೊಡುತ್ತೇನೆ. ಸೀಸವಿಲ್ಲದ್ದೇ ತರುತ್ತೇನೆ. ರಾಳದ ಹೊಗೆಯೂ ಆಸ್ತಮಾ ಇರುವ ಮಕ್ಕಳಿಗೆ ಆಗುವುದಿಲ್ಲ. ಕಿಟಕಿ ಪಕ್ಕ ಟೇಬಲ್ ಹಾಕಿ, ಹೊಗೆ ಆಚೆ ಎಳೆಯುವ ಹಾಗೆ ಒಂದು ಫ್ಯಾನ್ ಇಡುತ್ತೇನೆ. ನೀವು ಒಂದು ಶನಿವಾರ ಬಂದು ಐರನ್ ಹಿಡಿಯುವುದು ಹೇಗೆ ಅಂತ ತೋರಿಸಿಕೊಡುತ್ತೀರಾ?

ಹಳೇ ರೇಡಿಯೋ, ಸುಂಟಿಕೊಪ್ಪ · ಜುಲೈ 2, ರಾತ್ರಿ 9.48

ಬರುತ್ತೇನೆ. ಮಕ್ಕಳ ವಿಷಯದಲ್ಲಿ ನಿಮ್ಮ ಮಾತೇ ಕೊನೆ. ನನ್ನ ಹತ್ತಿರ 25 ವ್ಯಾಟ್‌ನ ನಾಲ್ಕು ಐರನ್ ಇವೆ, ತರುತ್ತೇನೆ. ಸೀಸವಿಲ್ಲದ್ದಕ್ಕೆ ಬಿಸಿ ಹೊಂದಿಸುವ ಸ್ಟೇಷನ್ ಒಂದಾದರೂ ಇದ್ದರೆ ಒಳ್ಳೆಯದು.

ಎಸ್.ಪಿ. ರೋಡ್ ಪಕ್ಕ · ಜುಲೈ 19, ರಾತ್ರಿ 11.30

ಎರಡನೇ ಆವೃತ್ತಿಯ ನಕ್ಷೆಯನ್ನು, ಬೋರ್ಡ್ ಬಿಡಿಸುವ ಪ್ರೋಗ್ರಾಮ್ ಕೈಕ್ಯಾಡ್‌ನಲ್ಲಿ ಮುಗಿಸಿ ಹಾಕಿದ್ದೇನೆ. ಪುಲ್‌ಅಪ್, ಸಾಲಿನ ರೆಸಿಸ್ಟರ್, ಕೆಪಾಸಿಟರ್, ಟಿವಿಎಸ್, ಎಲ್ಲಕ್ಕೂ ಜಾಗ ಇದೆ. ಬೋರ್ಡಿನ ಮೇಲಿನ ಬರಹ ಕನ್ನಡದಲ್ಲಿದೆ: ಮಳೆ, ಬ್ಯಾಟರಿ, ಆಂಟೆನಾ. ಸೋಲ್ಡರ್ ಮಾಡಿದ ಮೇಲೆ "ತೊಳೆಯಿರಿ" ಅಂತ ಹಿಂಬದಿಯಲ್ಲಿ ದಪ್ಪಕ್ಕೆ ಬರೆದಿದ್ದೇನೆ.

ಸರ್ನ್‌ ಅನ್ನುವ ಯುರೋಪಿನ ಭೌತಶಾಸ್ತ್ರ ಸಂಶೋಧನಾ ಕೇಂದ್ರದವರ ಓಪನ್ ಹಾರ್ಡ್‌ವೇರ್ ಲೈಸೆನ್ಸ್, ಎರಡನೇ ಆವೃತ್ತಿ, ಬಿಗಿಯಾದ ಬಗೆಯದ್ದು ಹಾಕಿದ್ದೇನೆ. ಯಾರು ಬೇಕಾದರೂ ಮಾಡಬಹುದು, ಮಾರಲೂಬಹುದು. ಬದಲಾಯಿಸಿ ಬೇರೆಯವರಿಗೆ ಕೊಟ್ಟರೆ ಬದಲಾದ ನಕ್ಷೆಯನ್ನೂ ಕೊಡಬೇಕು. ಬೇಲಿಯ ವಿಷಯ, ಫ್ಲಕ್ಸಿನ ವಿಷಯ, ಲೀಟರ್ ಪರೀಕ್ಷೆ, ಎಲ್ಲಾ ಜೊತೆಯ ಬರಹದಲ್ಲಿ ಸೇರಿಸಿದ್ದೇನೆ. ಮುಂದಿನವರು ಇದೇ ಗುಂಡಿಗೆ ಬೀಳಬಾರದು.

ನಾಪೋಕ್ಲು ತೋಟ · ಆಗಸ್ಟ್ 4, ರಾತ್ರಿ 9.00

ನಿನ್ನೆ ಕಕ್ಕಡ ಹದಿನೆಂಟು. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಹೊರಗೆ ಬಿಡದೆ ಮಳೆ.

ಹಳೇ ಬೋರ್ಡನ್ನು ಅಣ್ಣ ಹೇಳಿದ ಹಾಗೆ ತೊಳೆದೆ. ನಾಲ್ಕನೇ ಸಲದ ನೀರಿನಲ್ಲೂ ಸ್ವಲ್ಪ ಕಂದು ಇತ್ತು, ಐದನೇ ಸಲಕ್ಕೆ ತಿಳಿಯಾಯಿತು. ಒಣಗಿದ ಮೇಲೆ ಪಿನ್‌ನಲ್ಲಿ 3.29 ವೋಲ್ಟ್. ನಿದ್ದೆಯ ಕರೆಂಟ್ 9 ಮೈಕ್ರೋ ಆಂಪ್. ವೈರ್ ಬದಲಾಯಿಸಿ ಹೊರಗೆ ಹಾಕುವ ಲ್ಯಾನ್ ಕೇಬಲ್ ಎಳೆದೆ, ತಿರುಚಿದ ಒಂದು ಜೋಡಿ ಮಾತ್ರ ಬಳಸಿದ್ದೇನೆ. ಬೇಲಿಯಿಂದ ದೂರ, ಅಡ್ಡ ದಾಟುವ ಒಂದು ಕಡೆ ಮಾತ್ರ ಹತ್ತಿರ.

ಕಳೆದ ಎಂಟು ದಿನದಲ್ಲಿ ಅಪ್ಪನದು 19 ಇಂಚು 46 ಸೆಂಟ್. ನನ್ನದು 19 ಇಂಚು 21. ಮಳೆ ನಿಂತ ಹೊತ್ತಿನಲ್ಲಿ ಒಂದೂ ಸುಳ್ಳು ಎಣಿಕೆ ಇಲ್ಲ. ಇಂದು ಬೆಳಿಗ್ಗೆ ಅಪ್ಪ ಡೈರಿಯಲ್ಲಿ ತಮ್ಮ ಲೆಕ್ಕದ ಪಕ್ಕ ನನ್ನದನ್ನು ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಇನ್ನೂ ಕಣಕ್ಕೆ ಹೋಗುತ್ತಾರೆ. ಮೆಟ್ಟಿಲಿಗೆ ಒಂದು ಹಗ್ಗ ಕಟ್ಟಿದ್ದೇನೆ.

25 ಸೆಂಟ್ ಯಾಕೆ ಕಡಿಮೆ, ಅದೊಂದು ತಿಳಿಯಲಿಲ್ಲ.

ಎಸ್.ಪಿ. ರೋಡ್ ಪಕ್ಕ · ಆಗಸ್ಟ್ 4, ರಾತ್ರಿ 9.35

ಜೋರು ಮಳೆಯಲ್ಲಿ ಈ ಜಾತಿಯ ಮಾಪಕ ಯಾವಾಗಲೂ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ತೊಟ್ಟಿ ಮಗುಚುವ ಆ ಅರೆಗಳಿಗೆಯಲ್ಲೂ ಆಲಿಕೆಯಿಂದ ನೀರು ಬೀಳುತ್ತಲೇ ಇರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಗಂಟೆಗೆ 100 ಮಿ.ಮೀ. ಮಳೆಯಾದರೆ ಏಳು ಸೆಕೆಂಡಿಗೊಂದು ಮಗುಚು. ಲೀಟರ್ ನೀರನ್ನು ಹನಿ ಹನಿಯಾಗಿ ಬಿಟ್ಟಾಗ 159 ಬಂತು. ಅದನ್ನೇ ಇಪ್ಪತ್ತು ನಿಮಿಷದಲ್ಲಿ ಬಿಟ್ಟು ನೋಡಿ. ಎಷ್ಟು ಕಡಿಮೆ ಬರುತ್ತದೋ ಅದನ್ನು ವೇಗದ ಲೆಕ್ಕದಲ್ಲಿ ಪ್ರೋಗ್ರಾಮಿನಲ್ಲಿ ಸರಿಪಡಿಸಬಹುದು.

ಶಾಂತಳ್ಳಿ ಮಳೆ · ಆಗಸ್ಟ್ 9, ಸಂಜೆ 5.20

ನನ್ನದು ಎರಡನೇ ಆವೃತ್ತಿ, ಮೊನ್ನೆ ಎದ್ದು ನಿಂತಿತು. ತೊಳೆದಿದ್ದೇನೆ, ಎರಡು ಸಲ. ಲೀಟರ್ ಪರೀಕ್ಷೆ ನಾನೂ ಮಾಡಿದೆ. ಎರಡು ಗಂಟೆಯಲ್ಲಿ ಬಿಟ್ಟಾಗ 159, ಇಪ್ಪತ್ತು ನಿಮಿಷದಲ್ಲಿ ಬಿಟ್ಟಾಗ 153, ಹತ್ತು ನಿಮಿಷದಲ್ಲಿ 148. ಈ ಮೂರು ಅಂಕಿ ಸಾಕಾ, ಇನ್ನೂ ಬೇಕಾ? ಇಲ್ಲಿ ನೀರಿಗೆ ಬರವಿಲ್ಲ, ಎಷ್ಟು ಸಲ ಬೇಕಾದರೂ ಸುರಿಯುತ್ತೇನೆ.

ಎಸ್.ಪಿ. ರೋಡ್ ಪಕ್ಕ · ಆಗಸ್ಟ್ 9, ಸಂಜೆ 6.05

ಐದು ನಿಮಿಷದ್ದೂ ಒಂದು ಬೇಕು. ನಾಪೋಕ್ಲು ಮಾಪಕದ್ದೂ ಇದೇ ನಾಲ್ಕು ವೇಗದಲ್ಲಿ ಕಳಿಸಿ. ಎರಡೂ ಹೊಂದಿದರೆ ಶನಿವಾರ ಟೀಚರ್ ಶಾಲೆಯ ಹತ್ತು ಬೋರ್ಡಿಗೆ ಅದೇ ತಿದ್ದುಪಡಿ ಹಾಕಿ ಕೊಡುತ್ತೇನೆ. ಬೋರ್ಡ್‌ಗಳು ರಾತ್ರಿ ಬಸ್ಸಿಗೆ ಬರುತ್ತವೆ, ಗೋಣಿಕೊಪ್ಪದಲ್ಲಿ ಯಾರಾದರೂ ಇಳಿಸಿಕೊಳ್ಳಿ.

ಪೊನ್ನಂಪೇಟೆ ಟೀಚರ್ · ಆಗಸ್ಟ್ 9, ಸಂಜೆ 6.11

ನಾನೇ ಬರುತ್ತೇನೆ. ಐಸೋಪ್ರೊಪೈಲ್ ಐದು ಲೀಟರ್ ಕ್ಯಾನ್, ಹಲ್ಲುಜ್ಜುವ ಬ್ರಷ್ ಮೂವತ್ತು ಆಗಲೇ ತಂದಿಟ್ಟಿದ್ದೇನೆ.